‘ಮೊದ್ಲ ಹುಡುಕು’ ಎಂದ ಅಕ್ಕೋರು

ಅಕ್ಕೋರ ಎರಡೂ ತೋರುಬೆರಳ ತುದಿ ಚಪ್ಪಟೆಯಾಗಿತ್ತು. ಹಳೆಯ ಟೈಪ್‌ರೈಟರ್ ಬಡಿದೂ ಬಡಿದೂ ಹಾಗಾಗಿತ್ತಂತೆ. ಕಂಪ್ಯೂಟರ್ ಬಂದ ಮೇಲೂ ಬಡಿಯುವ ಜೋರು ಇಳಿಯಲಿಲ್ಲ. ಸಿಂಧನೂರಿನ ಅವರ ಟೈಪಿಂಗ್ ಕ್ಲಾಸಿನಲ್ಲಿ ಮೇಜಿನ ಮೇಲಿನ ಚಹಾದ ಗ್ಲಾಸು ತಾನಾಗಿಯೇ ಅಂಚಿಗೆ ಸರಿಯುತ್ತಿತ್ತು. ನಾನು ಮಸ್ಕಿಯಿಂದ ಬಸ್ಸಿನಲ್ಲಿ ಹೋಗಿ ಅವರ ಹತ್ತಿರ ಕಲಿತವನು.

ಯಾರು ಬೇಕಾದರೂ ಪುಕ್ಕಟೆ ಬಳಸಿ, ತಿದ್ದಬಹುದಾದ ಬರವಣಿಗೆಯ ತಂತ್ರಾಂಶವೊಂದಕ್ಕೆ ಅಕ್ಕೋರು ಇಂಟರ್‌ನೆಟ್ಟಿನಲ್ಲಿ ಕನ್ನಡದ ಸಹಾಯ ಪುಟಗಳನ್ನು ಬರೆಯುತ್ತಿದ್ದರು. ಸಂಬಳವಿಲ್ಲ, ಹೆಸರೂ ಇಲ್ಲ. ನಾವು ಏಳೆಂಟು ಮಂದಿ ಅಲ್ಲಲ್ಲಿ ಕೂತು ಕೈಜೋಡಿಸುತ್ತಿದ್ದೆವು. ಅವರದು ಒಂದೇ ಪಾಠ: “ಮೊದ್ಲ ಹುಡುಕು. ಐತಂದ್ರ ತಿದ್ದು, ಇಲ್ಲಂದ್ರ ಬರಿ. ಒಂದು ಬಾವಿ ಇದ್ದಲ್ಲಿ ಇನ್ನೊಂದು ತೋಡಬ್ಯಾಡ. ಎರಡರ ಹೂಳೂ ತೆಗಿಯೋರು ಯಾರು?”

ಸಿಂಧನೂರಿನ ಹತ್ತಿರದ ಆರ್.ಎಚ್. ಕ್ಯಾಂಪಿನ ಹೆಣ್ಣುಮಗಳೊಬ್ಬಳು ಗೊತ್ತಿಲ್ಲದೆ ಅಕ್ಕೋರು ಬರೆದಿದ್ದ ವಿಷಯವನ್ನೇ ಮತ್ತೆ ಬರೆದಳು, ಅದೂ ಇನ್ನಷ್ಟು ಸಲೀಸಾಗಿ. ಅಕ್ಕೋರು ತಿಂಗಳುಗಟ್ಟಲೆ ತಿದ್ದಿದ್ದ ತಮ್ಮ ಪುಟವನ್ನು ಅಳಿಸಿ, “ಆಕೀದ ಚಲೋ ಐತಿ” ಎಂದು ಚಹಾ ಕುಡಿದರು. ಹೊಟ್ಟೆ ಉರಿದದ್ದು ನನಗೆ.

ನಾನೋ, ಹೆಸರಿನ ಹುಚ್ಚಿನವನು. ತಂತ್ರಾಂಶದ ಹಳೆಯ ಆವೃತ್ತಿಯಿಂದ ಹೊಸದಕ್ಕೆ ಹೋಗುವುದು ಹೇಗೆಂದು ಅಕ್ಕೋರ ಪುಟ ಇದ್ದೇ ಇತ್ತು. ಅದಕ್ಕೇ ನಾಲ್ಕು ಚಿತ್ರ ಸೇರಿಸಿ, ನನ್ನ ಹೆಸರು ಹಾಕಿ ಬೇರೆ ಪುಟ ಮಾಡಿದೆ. ಎರಡರಲ್ಲೂ ‘ಹೊಸದನ್ನು ಹಾಕಿ, ಹಳೆಯ ಫೋಲ್ಡರ್ ಅಳಿಸಿ’ ಎಂದಿತ್ತು. ಆಗ ಅದು ಸರಿಯೇ. ಹೊಸದು ಹಳೆಯ ಫೈಲುಗಳನ್ನು ತಾನೇ ಎಳೆದುಕೊಳ್ಳುತ್ತಿತ್ತು. ವರ್ಷದ ನಂತರ ತಂತ್ರಾಂಶದವರು ಆ ಸೌಲಭ್ಯವನ್ನು ತೆಗೆದುಹಾಕಿದರು. ಅಕ್ಕೋರು ತಮ್ಮ ಪುಟದಲ್ಲಿ ‘ಮೊದಲು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಿ’ ಎಂದು ತಿದ್ದಿದರು. ನನ್ನದು ನನಗೇ ಮರೆತುಹೋಗಿತ್ತು.

ಗುರುಗುಂಟಾದ ಕುರಿಗಾರರ ಮನೆಯ ಹೆಣ್ಣುಮಗಳೊಬ್ಬಳು ನನ್ನ ಪುಟ ನಂಬಿ ಹಳೆಯ ಫೋಲ್ಡರ್ ಅಳಿಸಿದಳು. ಕುರಿಗಳ ಬೇನೆ, ಅದಕ್ಕೆ ಹಚ್ಚುವ ಸೊಪ್ಪು ಎಂದು ಅವಳ ಅಜ್ಜ ಹೇಳಿ ಬರೆಸಿದ್ದ ಅರವತ್ತು ಪುಟ ಹೋಯಿತು. ಸಹಾಯಕ್ಕೆಂದು ಪುಟಗಳಲ್ಲಿ ಕೊಟ್ಟಿದ್ದ ನಂಬರು ಅಕ್ಕೋರದು; ಅವಳು ಅಳುತ್ತ ಫೋನು ಮಾಡಿದ್ದು ಅವರಿಗೇ.

“ನಂದು ತಪ್ಪಲ್ಲರೀ ಅಕ್ಕೋರ, ಹಳೇದಾಗೇತಿ ಅಷ್ಟ” ಎಂದೆ.

“ಹಳೇದಾಗೇತಿ ಅಂತ ಓದಾಕಿಗೆ ಹೆಂಗ ಗೊತ್ತಾಗಬೇಕಲೇ?”

ಮರುದಿನವೇ ನನ್ನನ್ನು ಲಿಂಗಸುಗೂರಿನ ಬಸ್ಸು ಹತ್ತಿಸಿ ತಾವೂ ಹತ್ತಿದರು. ಗುರುಗುಂಟಾದಲ್ಲಿ ಅಜ್ಜನ ಮುಂದೆ ಕೂರಿಸಿ, “ಬರಕೋ” ಎಂದರು. ಏಳು ಭಾನುವಾರ ಬರೆದುಕೊಂಡೆ. ಅಜ್ಜ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಕಾಲುಬೇನಿಗೆ ಏನೋ ಹೇಳಿದ್ನೆಪಾ, ಈಗ ನೆಪ್ಪಿಗಿ ಬರವಲ್ದು” ಎಂದು ನೆಲ ನೋಡುತ್ತ ಕೂತುಬಿಡುತ್ತಿದ್ದ. ಮೂವತ್ತೆಂಟು ಪುಟವಾಯಿತು. ಉಳಿದದ್ದು ಈಗ ಯಾರ ಹತ್ತಿರವೂ ಇಲ್ಲ. ನನ್ನ ಪುಟವನ್ನು ಅಳಿಸಿದೆ.

ಅಕ್ಕೋರು ಕಳೆದ ವರ್ಷ ತೀರಿಕೊಂಡರು. ಮೊನ್ನೆ ಮತ್ತೊಂದು ಆವೃತ್ತಿ ಬಂದು ಕ್ರಮವೆಲ್ಲ ಬದಲಾಯಿತು. ಅಕ್ಕೋರ ನೆನಪಿಗೆ ಅವರ ಪುಟವನ್ನು ಹಾಗೇ ಇಟ್ಟು, ಪಕ್ಕದಲ್ಲಿ ಹೊಸದೊಂದು ಬರೆಯೋಣವೇ ಎಂದು ನಮ್ಮವರೊಬ್ಬರು ಕೇಳಿದರು. ಬೇಡವೆಂದೆ. ಕೆಲಸಕ್ಕೆ ಬಾರದ ಸಾಲುಗಳನ್ನು ಒಂದೊಂದಾಗಿ ಅಳಿಸಿ ಸರಿಯಾದದ್ದನ್ನು ಬರೆದೆ. ಕೊನೆಗೆ ಬರುವಷ್ಟರಲ್ಲಿ ಅಳು ಬಂತು. ಈಗ ಆ ಪುಟದಲ್ಲಿ ಅಕ್ಕೋರು ಬರೆದದ್ದು ಒಂದು ಸಾಲೂ ಇಲ್ಲ.