ಗುಡಿಸು ತಪ್ಪಿದ ಗ್ರಂಥಿ

ಕನ್ನಡದಲ್ಲಿ ಒಂದು ಗುಡಿಸು ಬಿಟ್ಟುಹೋದರೆ ಸಾಕು, ಗ್ರಂಥಿ ಗ್ರಂಥವಾಗಿಬಿಡುತ್ತದೆ. ಸ್ಯಾನ್ ಡಿಯೇಗೊ ತಂಡದ ನಿವೃತ್ತ ಬೇಸ್‌ಬಾಲ್ ಆಟಗಾರರೊಬ್ಬರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಎಂಬ ಸುದ್ದಿ ಬಂದಾಗ, ಲಾಸ್ ಏಂಜಲೀಸ್ ಕನ್ನಡಿಗರಾದ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹೆಂಗಸರೂ ಇದ್ದಾರಲ್ಲ ಎಂದು ಆ ಅಂಗದ ಹೆಸರೆತ್ತಲು ನಾಚಿ, 'ಗ್ರಂಥಿ ಸಮಸ್ಯೆ' ಎಂದು ಸಭ್ಯವಾಗಿ ಬರೆಯಹೊರಟ ನಾನು 'ಗ್ರಂಥ ಸಮಸ್ಯೆ' ಎಂದು ಬರೆದೆ. ವಾಲ್‌ನಟ್ ಎಂಬ ಊರಿನ ಹಿರಿಯರೊಬ್ಬರು, ಪ್ರಕಾಶಕರು ಸಿಗದಿದ್ದರೆ ಬೆಂಗಳೂರಿನಲ್ಲಿ ತಮಗೆ ಪರಿಚಯದವರಿದ್ದಾರೆ ಎಂದು ಅಭಯವಿತ್ತರು.

ತಿದ್ದುಪಡಿಯಾದ ಮೇಲೆ ಅಭಿಮಾನದ ಪ್ರವಾಹವೇ ಹರಿಯಿತು. ಆಡುವ ಕಾಲದಲ್ಲಿ ಈ ಮಹಾಶಯರು ನಮ್ಮೂರಿನ ತಂಡವನ್ನು ಸೋಲಿಸಿದಾಗಲೆಲ್ಲ ಅವರ ಭುಜ, ಮೊಣಕೈ, ಮಂಡಿಗಳಿಗೆ ನಾವು ಧಾರಾಳವಾಗಿ ಶಾಪ ಹಾಕಿದ್ದೆವು. ಈ ಗ್ರಂಥಿ ಎಲ್ಲಿದೆಯೆಂದೇ ಗೊತ್ತಿಲ್ಲದ್ದರಿಂದ ಆ ಪಾಪವೊಂದು ಅಂಟಲಿಲ್ಲ. ಈಗ ಅದೇ ಬಾಯಿಗಳಲ್ಲಿ ಅವರು 'ಯೋಧ'. ಚಾಟ್ಸ್‌ವರ್ತ್‌ನವರೊಬ್ಬರು ಅವರ ಹೆಸರಿನಲ್ಲಿ ಅರ್ಚನೆ ಮಾಡಿಸಿ, ಗೋತ್ರ ತಿಳಿಯದೆ ಕಾಶ್ಯಪ ಗೋತ್ರಕ್ಕೆ ಸೇರಿಸಿಯೇ ಬಂದರು. ಆ ಮನುಷ್ಯ ಮಾತ್ರ ವಿಡಿಯೊದಲ್ಲಿ ಕೇಳಿಕೊಂಡದ್ದು ಒಂದೇ: ಐವತ್ತು ದಾಟಿದವರು ರಕ್ತಪರೀಕ್ಷೆ ಮಾಡಿಸಿ ಎಂದು. ಅವರು ಕೇಳಿದ್ದು ರಕ್ತ. ನಾವು ಹೃದಯದ ಚಿಹ್ನೆ ಒತ್ತಿ ಊಟಕ್ಕೆದ್ದೆವು.

ಕೇಳಿದ ಮಾತನ್ನು ಕೇಳಿದವನು ಸ್ಯಾನ್ ಡಿಯೇಗೊದಲ್ಲಿರುವ ಗೆಳೆಯ ಬಸವರಾಜನೊಬ್ಬನೇ. ಹುಬ್ಬಳ್ಳಿಯ ಎಂಜಿನಿಯರ್, ಆ ಆಟಗಾರರ ಪರಮಭಕ್ತ. ಒಂದು ದಿನ ಫೋನ್ ಮಾಡಿದ.

"ಟೆಸ್ಟ್, ಬಯಾಪ್ಸಿ ಎಲ್ಲಾ ಆತ್ರಿ. ನನಗೂ ಅದ ಐತಂತ. ಗುಂಪಿನ್ಯಾಗ ಹಾಕಬ್ಯಾಡ್ರಿ, ನಾ ಯೋಧ ಆಗಂಗಿಲ್ಲ. ಮನ್ಯಾಗ ಇನ್ನೂ ಹೇಳಿಲ್ಲ. ಎಲ್ಲೈತಂತ ಹೇಳ್ಲಿ?"

ಭಯವಾಯಿತು. ಮರುದಿನವೇ ಡ್ರೈವ್ ಮಾಡಿಕೊಂಡು ಹೋದೆ. ಅವನ ಹೆಂಡತಿ ಗಿರಿಜಾ ಚಹಾ ತಂದಿಟ್ಟರು. ಗಂಡ ನೆಲ ನೋಡುತ್ತಿದ್ದ. ನಾನು ಶರೀರಶಾಸ್ತ್ರ, ಸಂಸ್ಕೃತ, ದೈವೇಚ್ಛೆ ಎಲ್ಲವನ್ನೂ ಸುತ್ತಿ ಬಳಸಿ, ಕೊನೆಗೆ ಉಸಿರು ಕಟ್ಟಿ, "ಪ್ರಾಸ್ಟೇಟ್ ಕ್ಯಾನ್ಸರ್" ಎಂದೆ.

ಆಕೆಗೆ ನಾಚಿಕೆಯೇನೂ ಆಗಲಿಲ್ಲ. "ಲಗೂನ ಸಿಕ್ಕೈತೋ, ತಡಾ ಆಗೇತೋ? ಅದನ್ನ ಹೇಳ್ರಿ," ಎಂದರು.

"ಲಗೂನ ಸಿಕ್ಕೈತಿ, ಆ ಆಟಗಾರ್ರ ವಿಡಿಯೊ ನೋಡಿ ಟೆಸ್ಟ್ ಮಾಡಿಸಿದ್ದಕ್ಕ," ಎಂದ ಬಸವರಾಜ.

ಆಗ ಆಕೆ ಕುರ್ಚಿಯಲ್ಲಿ ಕೂತು, ಸೆರಗಿಲ್ಲದ ಚೂಡಿದಾರದ ತೋಳಿನಲ್ಲೇ ಕಣ್ಣೊರೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

"ಆ ಆಟಗಾರ್ರು ಈಗ ಹ್ಯಾಂಗದಾರ್ರಿ? ಪುಣ್ಯಾತ್ಮ, ನಮ್ಮವ್ರನ್ನ ಉಳಿಸ್ಯಾರ."

ನನಗೆ ಗೊತ್ತಿರಲಿಲ್ಲ. ಅರ್ಚನೆಯಾದ ಮೇಲೆ ನಮ್ಮ ಗುಂಪಿನಲ್ಲಿ ಯಾರೂ ಅವರನ್ನು ವಿಚಾರಿಸಿರಲಿಲ್ಲ.