ಹತ್ತಿಯ ರಾಶಿಯೊಳಗಿನ ಬೆಂಕಿ

ತೊಂಬತ್ತರ ದಶಕದಲ್ಲಿ ನಮ್ಮ ಮುನವಳ್ಳಿ ಕಡೆ ಧಾರಣೆ ಏರುವವರೆಗೆ ಹತ್ತಿಯನ್ನು ಮನೆಯಲ್ಲೇ ಇಟ್ಟುಕೊಳ್ಳುವುದು ರೂಢಿ. ಪಡಸಾಲೆಯಲ್ಲಿ ತೊಲೆಗೆ ಮುಟ್ಟುವಂತೆ ಹತ್ತಿ ಒಟ್ಟಿ, ನಾವು ಗೋಡೆ ಸವರಿಕೊಂಡು ಓಡಾಡುತ್ತಿದ್ದೆವು. ಅಲ್ಲಿ ದೀಪವಿಲ್ಲ, ಊದುಬತ್ತಿಯೂ ಇಲ್ಲ. ನನ್ನ ಕಣ್ಣೆಲ್ಲ ಮೈದುನನ ಮೇಲೆ. ಅವನಿಗೆ ಬೀಡಿಯ ಚಟ. ಹಿತ್ತಲಿನಿಂದ ಬಂದರೆ ಸಾಕು, ಮೊದಲು ಅವನ ಬೆರಳು ನೋಡುತ್ತಿದ್ದೆ.

"ಆರಿಸೇ ಬಂದೇನ್ರಿ ವೈನಿ. ಪೊಲೀಸರ ಗತೆ ಯಾಕ ನೋಡ್ತೀರಿ?" ಎಂದು ನಗುತ್ತಿದ್ದ. ಆ ನಗೆ ಕಂಡರೆ ನನಗೆ ಇನ್ನಷ್ಟು ಅನುಮಾನ.

ಒಂದು ಬೆಳಿಗ್ಗೆ ಕಮರು ವಾಸನೆ. ಉರಿಯಿಲ್ಲ, ಹೊಗೆಯೂ ಕಾಣದು. ರಾಶಿಯೊಳಗೆ ತೋಳು ತೂರಿಸಿದೆ. ಕೈ ಚುರ್ ಎಂದಿತು. ಅಯ್ಯಯ್ಯೋ! ಒಟ್ಟಿದ ಹತ್ತಿಯಲ್ಲಿ ಕಿಡಿ ಒಳಗೊಳಗೇ ಮೇಯುತ್ತದೆ. ಮೇಲೆ ನೀರು ಸುರಿದರೆ ಒಳಗೆ ಇಳಿಯದು, ಕೆದರಿದರೆ ಗಾಳಿ ಸಿಕ್ಕು ಉರಿ ಏಳುತ್ತದೆ. ನಮ್ಮವರೂ ಮೈದುನನೂ ತೋಯಿಸಿದ ಚೀಲ ಹೊದ್ದು, ಹತ್ತಿಯನ್ನು ಬಾಚಿ ಬಾಚಿ ಅಂಗಳಕ್ಕೆ ಹಾಕಿ ನೀರಲ್ಲಿ ಅದ್ದಿದರು. ಮೈದುನನ ಎರಡೂ ಅಂಗೈ ಗುಳ್ಳೆಯೆದ್ದವು. ಮನೆ ಉಳಿಯಿತು.

ಉಳಿದದ್ದೇ ತಡ, ನಮ್ಮವರು ತಮ್ಮನ ಹಾಸಿಗೆಯನ್ನು ಹೊರಗೆ ಎಸೆದರು. "ಬೀಡಿ ಸೇದಿ ಮನಿ ಸುಡಾಕ ನಿಂತೀಯೇನಲೇ? ನಡಿ, ಹೊಲದಾಗಿನ ಗುಡಸಲದಾಗ ಬಿದ್ದಿರು!"

"ಅಣ್ಣಾ, ಎಲ್ಲವ್ವನ ಆಣಿ, ನಾ ಒಳಗ ಸೇದಿಲ್ಲ" ಎಂದ. ಯಾರು ನಂಬಬೇಕು? ನಾನಂತೂ ನಂಬಲಿಲ್ಲ. ಅವನು ಹಾಸಿಗೆ ಹೊತ್ತು ಹೋದ.

ಮಧ್ಯಾಹ್ನ ಕಪ್ಪಾದ ಹತ್ತಿಯನ್ನು ಬೇರೆ ಮಾಡುವಾಗ ಅದರೊಳಗೆ ಅರೆಸುಟ್ಟ ಒಣಮೆಣಸಿನಕಾಯಿ ಸಿಕ್ಕವು. ಹತ್ತಿಯಲ್ಲಿ ಮೆಣಸಿನಕಾಯಿಗೇನು ಕೆಲಸ? ಅತ್ತೆಯತ್ತ ನೋಡಿದೆ. ಅವರ ಮುಖ ಇಳಿಯಿತು.

"ನಿನ್ನೆ ಹಿಂದಿನ ಮನಿಯಾಕಿ ಬಂದು, ಹತ್ತಿ ಎಷ್ಟ ಚಂದ ಬಂದೈತಿ ಅಂದ್ಲು. ಆಕಿ ಕಣ್ಣು ಚೊಲೊ ಅಲ್ಲ. ಅದಕ್ಕ ಕೆಂಡದಾಗ ಉಪ್ಪು ಮೆಣಸಿನಕಾಯಿ ಹಾಕಿ ರಾಶಿಗೆ ದೃಷ್ಟಿ ತಗದೆ. ಕೆಂಡದ ತಾಟು ಒಂಚೂರು ವಾಲಿತ್ತವ್ವಾ..."

ಮಗನ ಹಾಸಿಗೆ ಹೊರಗೆ ಬಿದ್ದಾಗ ಈಕೆ ಯಾಕೆ ಬಾಯಿ ಬಿಡಲಿಲ್ಲ ಎಂದು ನನಗೆ ಸಿಟ್ಟು ನೆತ್ತಿಗೇರಿತು. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ನಡೆದೆ. ನಡೆದದ್ದನ್ನೆಲ್ಲ ಹೇಳಿ, "ಬಾ ಮನಿಗೆ. ನಿಂದೇನೂ ತಪ್ಪಿಲ್ಲ, ಗೊತ್ತಾತು" ಎಂದೆ.

ಅವನಿಗೆ ರೊಟ್ಟಿ ಮುರಿಯಲೂ ಆಗುತ್ತಿರಲಿಲ್ಲ. ಗುಳ್ಳೆಯೆದ್ದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ನನ್ನನ್ನೇ ನೋಡಿದ.

"ಆ ಮೆಣಸಿನಕಾಯಿ ಸಿಗದಿದ್ರ ಕರಿಯಾಕ ಬರ್ತಿದ್ರೇನ್ರಿ, ವೈನಿ?"

ನಾನು ರೊಟ್ಟಿ ಮುರಿದು ಅವನ ಮುಂದಿಟ್ಟೆ. ಅವನು ಮನೆಗೆ ಬರಲಿಲ್ಲ. ಮುಂದೆ ಮದುವೆಯಾಗಿ, ಹೊಲದಲ್ಲೇ ಮನೆ ಕಟ್ಟಿಕೊಂಡ.