ಜರ್ಮನಿಗೆ ಹೋಗಿದ್ದ ವರ್ಷ

ಪೀಣ್ಯದ ಗೇರ್ ಕಾರ್ಖಾನೆಯೊಂದರಲ್ಲಿ ಸವಿತಾಳ ಕೆಲಸ ಅಳೆಯುವುದು. ಯಂತ್ರದಿಂದ ಇಳಿದ ಗೇರುಗಳನ್ನು ಒರೆಸಿ, ಅಳತೆಗೆ ಬಂದದ್ದನ್ನು ಈಚೆ, ಬಾರದ್ದನ್ನು ಆಚೆ ಇಡುತ್ತಿದ್ದಳು. ಏಪ್ರಿಲ್‌ನಲ್ಲಿ ಮ್ಯಾನೇಜರ್ ಸುಧೀಂದ್ರ ಅವಳನ್ನು ಕರೆದು, ಜರ್ಮನಿಯ ಗಿರಾಕಿ ಕಂಪನಿಯಲ್ಲಿ ಒಂದು ವರ್ಷ ಇದ್ದು ಅವರ ಕೆಲಸದ ಪದ್ಧತಿ ಕಲಿತು ಬರಬೇಕು, ಜುಲೈಗೆ ಹೊರಡುವುದು ಎಂದರು. ಡಿಪ್ಲೊಮಾ ಓದಿದ್ದು ದಂಡವಾಗಲಿಲ್ಲ ಎಂದು ಅವಳಿಗೆ ಮೊದಲ ಸಲ ಅನ್ನಿಸಿತು.

"ಅಲ್ಲಿ ಮುದ್ದೆ ಸಿಗಲ್ಲ ಕಣೇ," ಎಂದು ಪಕ್ಕದ ಮೇಜಿನ ಮಂಜುಶ್ರೀ ಕಾಡಿಸಿದಳು. "ಬ್ರೆಡ್ ತಿಂದು ತಿಂದು ನೀನೂ ಬ್ರೆಡ್ ಥರಾನೇ ಆಗ್ತೀಯ."

"ಮುದ್ದಿ ಇಲ್ದಿದ್ರ ನಿಮಗ ಕಷ್ಟ. ನಾ ಖಡಕ್ ರೊಟ್ಟಿ ಕಟ್ಕೊಂಡು ಹೋಗ್ತೀನಿ."

ರೊಟ್ಟಿಯದು ಚಿಂತೆಯಲ್ಲ. ಚಿಂತೆ ಆರು ವರ್ಷದ ರಕ್ಷಿತಾಳದು. ಗಂಡ ಹನುಮೇಶನಿಗೆ ಬಣ್ಣದ ಘಟಕದಲ್ಲಿ ಪಾಳಿ ಕೆಲಸ. ನಾಗಸಂದ್ರದ ಒಂಟಿ ಕೋಣೆಯಲ್ಲಿ ಮಗುವನ್ನು ನೋಡಿಕೊಳ್ಳುವವರು ಯಾರು? ಕೊಪ್ಪಳದಲ್ಲಿ ಸವಿತಾಳ ಅಕ್ಕ ಭುವನೇಶ್ವರಿ ಬಟ್ಟೆ ಹೊಲಿದುಕೊಂಡು ಒಬ್ಬಳೇ ಇದ್ದಳು. ಅಲ್ಲಿ ಬಿಡುವುದೆಂದಾಯಿತು. ಹೊರಡುವುದು ಜುಲೈಗಾದರೂ ಶಾಲೆ ತೆರೆಯುವುದು ಮೇ ಕೊನೆಗೆ.

"ವೀಸಾ ಬರ್ಲಿ ತಡಿ," ಅಂದ ಹನುಮೇಶ.

"ನಡುವಿನಾಗ ಯಾವ ಸಾಲ್ಯಾಗ ತಗೋತಾರ? ಆಕಿಗೂ ರೂಢಿ ಆಗ್ಲಿ."

ಹಾಗೆ, ಹೋಗುವ ಮೊದಲೇ ಮಗಳನ್ನು ಕಳಿಸಿದಳು. ಅವ್ವ ವಿಮಾನದಲ್ಲಿ ಹೋಗುತ್ತಾಳೆ, ವರ್ಷ ತುಂಬಿದ ಮೇಲೆ ಬರುತ್ತಾಳೆ ಎಂದು ಹೇಳಿ ಹೇಳಿ ಕಲಿಸಿದ್ದಳು. ಬಿಟ್ಟು ಬರುವಾಗ ರಕ್ಷಿತಾ ಅಳಲಿಲ್ಲ. ಅಳಬಾರದೆಂಬುದನ್ನೂ ಸವಿತಾಳೇ ಕಲಿಸಿದ್ದಳು.

ಜುಲೈ ಆಗಸ್ಟ್ ಆಯಿತು. ಒಂದು ಮಧ್ಯಾಹ್ನ ಸುಧೀಂದ್ರ ಅವಳ ಮೇಜಿನ ಬಳಿ ಬಂದು ನಿಂತರು. "ಅವರ ಕಡೆ ಆರ್ಡರ್ ಕಮ್ಮಿ ಆಗಿದೆಯಂತೆ ಅಮ್ಮ. ಸದ್ಯಕ್ಕೆ ಬೇಡ ಅಂದಿದ್ದಾರೆ. ಮುಂದೆ ನೋಡೋಣ." ಅವಳು ತಲೆಯಾಡಿಸಿ ಮುಂದಿನ ಗೇರು ತೆಗೆದುಕೊಂಡಳು.

ಅಂದು ಸಂಜೆ ಕೊಪ್ಪಳದಿಂದ ಫೋನು. "ಅವ್ವಾ, ವಿಮಾನ ಹತ್ತಿದೇನು? ಅಲ್ಲಿ ಥಂಡಿ ಐತೇನು?"

ಇಲ್ಲ ಅನ್ನಬೇಕಿತ್ತು. ಬಾಯಿಗೆ ಬಂದದ್ದು, "ಹ್ಞೂಂ, ಐತಿ." ನಾಳೆ ತಿದ್ದಿದರಾಯಿತು ಅಂದುಕೊಂಡಳು. ಮರುದಿನ ರಕ್ಷಿತಾಳೇ ಮೊದಲು ಮಾತಾಡಿದಳು: "ನೀ ಜರ್ಮನಿಗೆ ಹೋಗೀದಿ ಅಂದಿದ್ದಕ್ಕ ಟೀಚರ್ ನನ್ನ ಮುಂದ ನಿಂದರಿಸಿ ಎಲ್ಲಾರ ಕಡಿಂದ ಚಪ್ಪಾಳಿ ಹೊಡಿಸಿದ್ರು." ಆಮೇಲೆ ಯಾವ ನಾಳೆಯೂ ಸಿಗಲಿಲ್ಲ.

"ನಾಗಸಂದ್ರದಾಗ ಕುಂತು ಎಷ್ಟು ದಿನ ಜರ್ಮನಿ ನಡಸ್ತೀ?" ಅಂದ ಹನುಮೇಶ.

ದಸರಾ ರಜೆಗೆ ಅವಳು ಮಗಳನ್ನು ಕರೆತರಲೆಂದೇ ಹೊರಟಳು. ಮನೆ ಹತ್ತಿರದ ಶಾಲೆಯವರನ್ನು ಕಾಡಿ ಬೇಡಿ ಒಪ್ಪಿಸಿದ್ದಳು. ಎದುರು ಕೂರಿಸಿಕೊಂಡು ಎಲ್ಲ ಹೇಳಿದರೆ ಮಗು ಅರ್ಥ ಮಾಡಿಕೊಳ್ಳುತ್ತದೆ ಎಂದು ಬಸ್ಸಿನ ಉದ್ದಕ್ಕೂ ಮಾತು ಜೋಡಿಸುತ್ತ ಬಂದಳು.

ಅಕ್ಕನ ಮನೆಯ ಕಟ್ಟೆಯ ಮೇಲೆ ಹುಡುಗಿಯರು ಗಜ್ಜುಗ ಆಡುತ್ತಿದ್ದರು. ರಕ್ಷಿತಾ ಅವಳನ್ನು ಕಂಡು ಎದ್ದಳು. ಮುಖ ಅರಳಿತು. ಮರುಕ್ಷಣ ಗೆಳತಿಯರ ಕಡೆ ತಿರುಗಿ ನೋಡಿ ಅಲ್ಲೇ ನಿಂತಳು.

"ಯಾರ ಇವ್ರು?" ಎಂದಿತು ಒಂದು ಹುಡುಗಿ.

"ನಮ್ಮ ಚಿಗವ್ವ," ಅಂದಳು ರಕ್ಷಿತಾ. "ನಮ್ಮವ್ವನ ತಂಗಿ. ಬೆಂಗಳೂರಾಗ ಇರ್ತಾಳ."

ಬಾಗಿಲಲ್ಲಿದ್ದ ಭುವನೇಶ್ವರಿ ಬಾಯಿ ತೆರೆದವಳು ತಂಗಿಯ ಮುಖ ನೋಡಿ ಒಳಗೆ ಹೋದಳು.

"ಹೌದವಾ," ಅಂದಳು ಸವಿತಾ. "ಚಿಗವ್ವ."

ಮಗಳ ಹೆಗಲು ಸಡಿಲಾಯಿತು. ಹುಡುಗಿಯರು ಸುತ್ತ ಸೇರಿ ಜರ್ಮನಿಯ ಸುದ್ದಿ ಕೇಳಿದರು. ಸವಿತಾ ಕಟ್ಟೆಯ ಮೇಲೆ ಕೂತು ಹೇಳಿದಳು: ಜರ್ಮನಿಯಲ್ಲಿರುವ ಅಕ್ಕನ ಕೋಣೆಯ ಕಿಟಕಿಯಿಂದ ನದಿ ಕಾಣುತ್ತದೆ, ಚಳಿಗಾಲದಲ್ಲಿ ಬೇಗ ಕತ್ತಲಾಗುತ್ತದೆ, ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗುತ್ತಾಳೆ. ತಿಂಗಳುಗಟ್ಟಲೆ ಮನಸ್ಸಿನಲ್ಲಿ ಬಾಳಿದ್ದ ವರ್ಷ ಅದು. ಹುಡುಕದೆಯೇ ಬಾಯಿಗೆ ಬಂತು. ರಕ್ಷಿತಾ ಹೆಮ್ಮೆಯಿಂದ ಕೇಳುತ್ತಿದ್ದಳು.

"ಯಾವಾಗ ಬರ್ತಾಳ್ರಿ ಇವರವ್ವ?"

ಸವಿತಾ ಮಗಳನ್ನು ನೋಡಿದಳು. ಮಗಳು ಅವಳ ಬಾಯನ್ನೇ ನೋಡುತ್ತಿದ್ದಳು.

"ವರ್ಷ ತುಂಬಿದ ಮ್ಯಾಲ."

ಸವಿತಾ ಒಳಗೆ ಬಂದ ಮೇಲೆ ಭುವನೇಶ್ವರಿ ಗದರಿದಳು. "ನಿನಗೇನ್ ಹುಚ್ಚಽ? ಕರಕೊಂಡು ಹೋಗು. ಹುಡುಗ್ರು ನಾಕ್ ದಿನಕ್ಕ ಮರೀತಾವು."

"ಆಕಿ ಮರಿಯಂಗಿಲ್ಲಕ್ಕ. ಸುಳ್ಳಿ ಅನಿಸ್ಕೊಂಡು ಈ ಊರು ಬಿಡೂದು ಬ್ಯಾಡ. ನಾ ಹೇಳಿದ ಸುಳ್ಳು ಅದು."

ಎರಡು ದಿನ ಇದ್ದು ಹೊರಟಳು. ಬಸ್ ಸ್ಟ್ಯಾಂಡಿಗೆ ಬರಲು ರಕ್ಷಿತಾ ಒಪ್ಪಲಿಲ್ಲ. ದಾರಿಯಲ್ಲಿ ಗೆಳತಿಯರು ಸಿಗುತ್ತಾರೆ. ಹೊಸ್ತಿಲ ಒಳಗೇ ನಿಂತು ಕೈ ಬೀಸಿದಳು.

"ಹೋಗಿ ಬರ್ತೀನವಾ."

"ಹ್ಞೂಂ, ಚಿಗವ್ವಾ," ಅಂದಳು. ಬೀದಿಯಲ್ಲಿ ಯಾರೂ ಇರಲಿಲ್ಲ.